ಒಂದೇ ತೋಟ, ಎರಡು ಥರದ ಮುಖ: ಕಿತ್ತಳೆ ತಲೆಯ ಥ್ರಷ್ ಬಗ್ಗೆ ಒಂದು ಪ್ರಶ್ನೆ

ತೋಟದಾಕೆ, ನಾಪೋಕ್ಲು (ಜನವರಿ 19)

ಎಲ್ಲರಿಗೂ ನಮಸ್ಕಾರ. ನಾಪೋಕ್ಲು ಹತ್ತಿರ ನಮ್ಮದು ಆರು ಎಕರೆ ರೊಬಸ್ಟಾ ತೋಟ. ಹಕ್ಕಿ ನೋಡುವುದು ಶುರು ಮಾಡಿ ನಾಲ್ಕು ವರ್ಷ ಆಯಿತು. ಮೊದಲ ಸಲ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ತೋಟದ ಕೆಳಗಿನ ತುದಿಯಲ್ಲಿ ಒಂದು ತೋಡು ಹರಿಯುತ್ತದೆ. ಅದರ ಪಕ್ಕ ಎರಡು ಹಲಸಿನ ಮರ, ಒಂದು ದೊಡ್ಡ ಅತ್ತಿ ಮರ. ಅಲ್ಲಿ ನೆಲದ ಮೇಲೆ ಎಲೆ ಎಷ್ಟು ಬಿದ್ದಿರುತ್ತದೆ ಅಂದರೆ ಕಾಲಿಟ್ಟರೆ ಹಿಮ್ಮಡಿ ಮುಳುಗುತ್ತದೆ. ಈಗ ಕುಯ್ಲಿನ ಸಮಯ. ಆಳುಗಳು ಬರುವುದಕ್ಕೆ ಮೊದಲು, ಬೆಳಿಗ್ಗೆ ಆರೂಮುಕ್ಕಾಲಿಗೆ ನಾನು ಅಲ್ಲಿಗೆ ಹೋಗಿ ಹತ್ತು ನಿಮಿಷ ಕೂರುತ್ತೇನೆ. ಕಿತ್ತಳೆ ತಲೆಯ ಥ್ರಷ್ ಒಂದು ದಿನವೂ ತಪ್ಪಿಸುವುದಿಲ್ಲ.

ಅದು ಊಟ ಹುಡುಕುವ ರೀತಿ ನೋಡಿದ್ದೀರಾ? ಕೊಕ್ಕಿನಲ್ಲಿ ಒಂದು ಎಲೆ ಹಿಡಿದು ಪಕ್ಕಕ್ಕೆ ಎಸೆಯುತ್ತದೆ. ಆಮೇಲೆ ಕಲ್ಲಿನ ಹಾಗೆ ನಿಂತುಬಿಡುತ್ತದೆ. ತಲೆ ಸ್ವಲ್ಪ ಓರೆ. ಎರಡು ಹೆಜ್ಜೆ ಕುಪ್ಪಳಿಸಿ ಇನ್ನೊಂದು ಎಲೆ. ಎರೆಹುಳ ಸಿಕ್ಕರೆ ನೆಲಕ್ಕೆ ಎರಡು ಸಲ ಬಡಿದು ನುಂಗುತ್ತದೆ. ನಮ್ಮ ಈ ಹಕ್ಕಿಯ ಕೆನ್ನೆ ಬಿಳಿ. ಆ ಬಿಳಿಯ ಮೇಲೆ ಎರಡು ಕಪ್ಪು ಗೆರೆ ಕೆಳಗೆ ಇಳಿಯುತ್ತವೆ. ಒಂದು ಕಣ್ಣಿನಿಂದ, ಇನ್ನೊಂದು ಅದರ ಹಿಂದೆ, ಕೆನ್ನೆಯ ಅಂಚಿನಲ್ಲಿ. ಕಾಡಿಗೆ ಹಚ್ಚಿಕೊಂಡು ಅತ್ತ ಹಾಗೆ ಅಂತ ಮಗಳು ಹೇಳುತ್ತಾಳೆ.

ಹೋದ ವಾರ ಅದೇ ಜಾಗದಲ್ಲಿ ಇನ್ನೊಂದು ಬಂತು. ಅದಕ್ಕೆ ಗೆರೆಯೇ ಇಲ್ಲ! ತಲೆ, ಕೆನ್ನೆ, ಎದೆ ಎಲ್ಲಾ ಹಣ್ಣಾದ ಕಿತ್ತಳೆ ಬಣ್ಣ. ಮೊದಲು ಮರಿ ಅಂದುಕೊಂಡೆ. ಆಮೇಲೆ ಹೆಣ್ಣಿರಬಹುದು ಅಂದುಕೊಂಡೆ. ಆದರೆ ಬೆನ್ನು ಚೆನ್ನಾಗಿ ನೀಲಿ ಬೂದು, ರೆಕ್ಕೆಯ ಮೇಲೆ ಬಿಳಿ ಮಚ್ಚೆ. ಗಂಡೇ. ಗೆರೆಯ ಹಕ್ಕಿ ಅದರ ಕಡೆ ತಲೆ ಬಗ್ಗಿಸಿ ಓಡಿತು. ಗೆರೆ ಇಲ್ಲದ್ದು ಹಾರಿ ಕಾಫಿ ಗಿಡದ ಒಳಗೆ ಸೇರಿತು. ಐದು ನಿಮಿಷ ಬಿಟ್ಟು ಮತ್ತೆ ಬಂತು. ಈಗ ಇಬ್ಬರೂ ಹತ್ತು ಅಡಿ ದೂರದಲ್ಲಿ ತಮ್ಮ ತಮ್ಮ ಎಲೆ ತಿರುಗಿಸಿಕೊಂಡು ಇದ್ದಾರೆ.

ಪುಸ್ತಕ ತೆಗೆದು ನೋಡಿದೆ. ಗೆರೆ ಇರುವುದು ನಮ್ಮ ದಕ್ಷಿಣದ್ದು, ಇಲ್ಲದ್ದು ಹಿಮಾಲಯದ ಕಡೆಯದ್ದು, ಎರಡೂ ಒಂದೇ ಪ್ರಭೇದ ಅಂತ ಇದೆ. ಒಂದೇ ಆದರೆ ಮುಖ ಬೇರೆ ಆಗಿದ್ದು ಹೇಗೆ? ಮಗಳು ಪಿಯುಸಿ ಓದುತ್ತಿದ್ದಾಳೆ. "ಹೆಣ್ಣು ಯಾವ ಮುಖ ಇಷ್ಟಪಡುತ್ತೋ ಅದು ಉಳಿಯುತ್ತೆ ಅಮ್ಮ" ಅನ್ನುತ್ತಾಳೆ. ನಮ್ಮ ಯಜಮಾನರು "ಅದೆಲ್ಲ ಏನೂ ಬೇಡ, ದೂರ ದೂರ ಇದ್ದರೆ ತಾನಾಗಿ ಬೇರೆ ಆಗುತ್ತವೆ" ಅನ್ನುತ್ತಾರೆ. ಯಾರು ಸರಿ?

ಇನ್ನೊಂದು ಚಿಂತೆ. ದೂರ ಇದ್ದವು ಈಗ ನಮ್ಮ ತೋಟದಲ್ಲೇ ಸೇರಿವೆ ಅಲ್ವಾ. ಇವು ಬೆರೆತು ನಮ್ಮ ಹಕ್ಕಿಯ ಗೆರೆ ಮಾಯವಾಗುತ್ತದಾ? ಹೋದ ಮಳೆಗಾಲದಲ್ಲಿ ಕಾಫಿ ಗಿಡದ ಕವಲಿನಲ್ಲಿ, ನನ್ನ ಎದೆ ಮಟ್ಟದಲ್ಲಿ, ಇದರ ಗೂಡು ಇತ್ತು. ಮೂರು ಮೊಟ್ಟೆ. ಆ ಸಾಲಿನಲ್ಲಿ ಕಳೆ ಕೊಚ್ಚುವುದನ್ನು ನಿಲ್ಲಿಸಿ ಕಾದಿದ್ದೆವು. ಅದಕ್ಕೇ ಮನಸ್ಸು ಕೇಳುತ್ತಿಲ್ಲ.

ನಿವೃತ್ತ ಮೇಷ್ಟ್ರು, ಮಡಿಕೇರಿ (ಜನವರಿ 19)

ತೋಟದಾಕೆಯವರೇ, ನೀವು ನೋಡಿ ಬರೆದ ರೀತಿಗೇ ಮೊದಲು ನಮಸ್ಕಾರ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದ್ದೇನೆ. ಇಷ್ಟು ಒಳ್ಳೆಯ ಪ್ರಶ್ನೆ ತರಗತಿಯಲ್ಲಿ ಸಿಕ್ಕಿದ್ದು ಕಡಿಮೆ.

ಚಿಂತೆಯನ್ನು ಮೊದಲು ಇಳಿಸುತ್ತೇನೆ. ಗೆರೆ ಇಲ್ಲದ್ದು ನಿಮ್ಮ ತೋಟಕ್ಕೆ ನೆಂಟ. ಹಿಮಾಲಯದ ತಪ್ಪಲಿನಲ್ಲಿ ಗೂಡು ಕಟ್ಟುತ್ತದೆ. ಅಲ್ಲಿ ಚಳಿ ಬಂದಾಗ ಕೆಳಗಿಳಿಯುತ್ತದೆ. ಕೆಲವು ದಕ್ಷಿಣ ಭಾರತ, ಶ್ರೀಲಂಕಾವರೆಗೂ ಬರುತ್ತವೆ. ಬೇಸಿಗೆ ಶುರುವಾಗುವಾಗ ಹೊರಟುಬಿಡುತ್ತದೆ. ನಿಮ್ಮ ಗೆರೆಯ ಹಕ್ಕಿ ಗೂಡಿಗೆ ಕಡ್ಡಿ ಎತ್ತುವುದು ಮಳೆ ಹಿಡಿದ ಮೇಲೆ. ಅಷ್ಟು ಹೊತ್ತಿಗೆ ನೆಂಟ ಸಾವಿರಾರು ಕಿಲೋಮೀಟರ್ ಆಚೆ ತನ್ನ ಸಂಸಾರ ನೋಡಿಕೊಂಡಿರುತ್ತದೆ. ಜನವರಿಯಲ್ಲಿ ಒಂದೇ ಎಲೆ ರಾಶಿಯಲ್ಲಿ ಹುಳ ಹುಡುಕಿದರೂ ಇವರಿಬ್ಬರ ಮಧ್ಯೆ ಇರುವ ದೂರ ದೂರವೇ. ಹಕ್ಕಿಗೆ ಊರು ಅಂದರೆ ಗೂಡು ಕಟ್ಟುವ ಜಾಗ. ಎಲ್ಲಿ ಉಣ್ಣುತ್ತದೆ ಅನ್ನುವುದರಿಂದ ವಂಶ ಬೆರೆಯುವುದಿಲ್ಲ. ಯಾರ ಜೊತೆ ಮರಿ ಮಾಡುತ್ತದೆ ಅನ್ನುವುದರಿಂದ ಬೆರೆಯುತ್ತದೆ.

ಇನ್ನು ಮನೆಯೊಳಗಿನ ಜಗಳ. ಇಬ್ಬರೂ ಅರ್ಧ ಅರ್ಧ ಸರಿ. ಆದರೆ ಯಾವ ಅರ್ಧ ಯಾರದ್ದು ಅನ್ನುವುದರಲ್ಲೇ ಸ್ವಾರಸ್ಯ ಇದೆ.

ಯಜಮಾನರ ಮಾತು ತೆಗೆದುಕೊಳ್ಳಿ. ಒಂದು ಗುಂಪು ಎರಡಾಗಿ ಕಡಿದುಹೋಯಿತು ಅಂತ ಇಟ್ಟುಕೊಳ್ಳಿ. ಮಧ್ಯೆ ಒಣ ಬಯಲೋ, ಕಣಿವೆಯೋ, ಸಮುದ್ರವೋ ಬಂತು. ಎರಡೂ ಕಡೆ ಹೊಸ ಹೊಸ ಸಣ್ಣ ಬದಲಾವಣೆ ಹುಟ್ಟುತ್ತಲೇ ಇರುತ್ತವೆ. ಈ ಕಡೆ ಹುಟ್ಟಿದ್ದು ಆ ಕಡೆ ತಲುಪುವುದಿಲ್ಲ. ಕೆಲವು ಉಪಯೋಗಕ್ಕೆ ಬರುತ್ತವೆ, ಉಳಿಯುತ್ತವೆ. ಕೆಲವು ಯಾವ ಕಾರಣವೂ ಇಲ್ಲದೆ ಉಳಿಯುತ್ತವೆ. ಗುಂಪು ಸಣ್ಣದಿದ್ದರೆ ಹೀಗೆ ಸುಮ್ನೆ ಉಳಿಯುವುದು ಜಾಸ್ತಿ. ನಮ್ಮ ಅರೆಭಾಷೆಯನ್ನೇ ನೋಡಿ. ಸುಳ್ಯದ ಕಡೆಯ ಧಾಟಿ ಬೇರೆ, ಭಾಗಮಂಡಲದ ಕಡೆಯ ಧಾಟಿ ಬೇರೆ. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಮಧ್ಯೆ ಬೆಟ್ಟ ಇತ್ತು, ದಿನವೂ ಮಾತಾಡುವವರು ಬೇರೆ ಬೇರೆ ಇದ್ದರು, ಅಷ್ಟೇ.

ಮಗಳ ಮಾತಿಗೆ ಬರೋಣ. ಹೆಣ್ಣು ಆರಿಸುವುದರಿಂದ ಗಂಡಿನ ರೂಪ ಬದಲಾಗುತ್ತದೆ ಅಂತ ಡಾರ್ವಿನ್ 1871ರಲ್ಲೇ ವಿವರವಾಗಿ ಬರೆದ. ಲೈಂಗಿಕ ಆಯ್ಕೆ ಅನ್ನುತ್ತೇವಲ್ಲ, ಅದೇ. ತುಂಬಾ ಜನ ಒಪ್ಪಲಿಲ್ಲ. ಹಕ್ಕಿಗೆ ಅಂಥ ರುಚಿ ಎಲ್ಲಿಂದ ಬರಬೇಕು ಅಂತ ಕೇಳಿದರು. ಕೊನೆಗೆ 1982ರಲ್ಲಿ ಮಾಲ್ಟೆ ಆಂಡರ್ಸನ್ ಅನ್ನುವ ಸ್ವೀಡನ್ ವಿಜ್ಞಾನಿ ಕೀನ್ಯಾದಲ್ಲಿ ಮಾಡಿದ ಪ್ರಯೋಗ ಪ್ರಕಟವಾಯಿತು. ಅಲ್ಲಿ ಉದ್ದ ಬಾಲದ ವಿಡೋಬರ್ಡ್ ಅಂತ ಒಂದು ಹಕ್ಕಿ ಇದೆ. ಗಂಡು ಕಪ್ಪು, ಬಾಲ ಅರ್ಧ ಮೀಟರ್ ಉದ್ದ. ಆತ ಕೆಲವು ಗಂಡುಗಳ ಬಾಲ ಕತ್ತರಿಸಿ ಗಿಡ್ಡ ಮಾಡಿದ. ಆ ತುಂಡನ್ನು ಬೇರೆ ಗಂಡುಗಳ ಬಾಲಕ್ಕೆ ಅಂಟಿಸಿ ಇನ್ನೂ ಉದ್ದ ಮಾಡಿದ. ಕೆಲವಕ್ಕೆ ಕತ್ತರಿಸಿ ಅದನ್ನೇ ವಾಪಸ್ ಅಂಟಿಸಿದ. ಕತ್ತರಿಸಿದ್ದರಿಂದಲೇ ಏನಾದರೂ ಆಗುತ್ತದಾ ಅಂತ ನೋಡಬೇಕಲ್ಲ. ಆಮೇಲೆ ಯಾರ ಜಾಗದಲ್ಲಿ ಎಷ್ಟು ಹೊಸ ಗೂಡು ಆಯಿತು ಅಂತ ಎಣಿಸಿದ. ಅತಿ ಉದ್ದ ಬಾಲದವನ ಕಡೆಗೇ ಹೆಣ್ಣುಗಳು ಹೋಗಿದ್ದವು. ಪ್ರಕೃತಿಯಲ್ಲಿ ಎಲ್ಲೂ ಇಲ್ಲದಷ್ಟು ಉದ್ದದ ಬಾಲ, ಆದರೂ ಅದೇ ಬೇಕು!

ಈ ಎರಡೂ ಕೂಡಿದಾಗ ಏನಾಗುತ್ತದೆ ನೋಡಿ. ಹೆಣ್ಣಿನ ರುಚಿಯೂ ವಂಶದಲ್ಲಿ ಇಳಿದು ಬರುತ್ತದೆ. ಉದ್ದ ಬಾಲ ಇಷ್ಟಪಟ್ಟ ತಾಯಿಗೆ ಉದ್ದ ಬಾಲದ ಗಂಡು ಮರಿ, ಉದ್ದ ಬಾಲ ಇಷ್ಟಪಡುವ ಹೆಣ್ಣು ಮರಿ ಎರಡೂ ಹುಟ್ಟುತ್ತವೆ. ರುಚಿ ಮತ್ತು ರೂಪ ಒಂದನ್ನೊಂದು ಎಳೆದುಕೊಂಡು ಓಡುತ್ತವೆ. ಇದನ್ನು ರೊನಾಲ್ಡ್ ಫಿಶರ್ ಅನ್ನುವ ವಿಜ್ಞಾನಿ ಕಳೆದ ಶತಮಾನದ ಮೊದಲ ಭಾಗದಲ್ಲೇ ಹೇಳಿದ್ದ. ಈಗ ಕಡಿದುಹೋದ ಎರಡು ಗುಂಪಿನಲ್ಲಿ ಈ ಓಟ ಶುರುವಾದರೆ ಎರಡೂ ಒಂದೇ ದಿಕ್ಕಿಗೆ ಓಡಬೇಕು ಅಂತ ಏನೂ ಇಲ್ಲ. ಒಂದು ಕಡೆ ಹಾಡು ಉದ್ದವಾಗಬಹುದು, ಇನ್ನೊಂದು ಕಡೆ ಮುಖದ ಬಣ್ಣ ಗಾಢವಾಗಬಹುದು. ದೂರ ಇದ್ದಿದ್ದರಿಂದ ದಾರಿ ಕವಲಾಯಿತು. ಆರಿಸುವಿಕೆಯಿಂದ ಓಟ ಜೋರಾಯಿತು. ಮುಂದೆ ಎಂದಾದರೂ ಎರಡು ಗುಂಪು ಗೂಡಿನ ಕಾಲದಲ್ಲೇ ಎದುರುಬದುರಾದರೆ, "ಇವನು ನಮ್ಮವನಲ್ಲ" ಅಂತ ಹೆಣ್ಣು ಮುಖ ತಿರುಗಿಸುವುದೂ ಇದೇ ಹಾಡು, ಇದೇ ಬಣ್ಣ ನೋಡಿ.

ಒಂದು ಎಚ್ಚರ. ನಿಮ್ಮ ಥ್ರಷ್‌ನ ಗೆರೆ ಹೆಣ್ಣಿಗೂ ಇದೆ. ಹೆಣ್ಣಿನ ಬೆನ್ನು ಮಾತ್ರ ಮಂಕು. ಹಾಗಾಗಿ ಗೆರೆಯನ್ನು ಹೆಣ್ಣೇ ಆರಿಸಿ ಮಾಡಿದ್ದು ಅಂತ ಮಗಳಿಗೆ ಪೂರ್ತಿ ಅಂಕ ಕೊಡಲು ನನಗೆ ಮನಸ್ಸಿಲ್ಲ. ನವಿಲಿನ ಹಾಗೆ ಗಂಡಿಗೆ ಮಾತ್ರ ಇರುವ ಅಲಂಕಾರ ನೋಡಿದರೆ ಆ ಮಾತು ಧೈರ್ಯವಾಗಿ ಹೇಳಬಹುದು. ಎರಡಕ್ಕೂ ಇರುವ ಗುರುತು ಜೊತೆಗಾರರನ್ನು ಗುರುತಿಸಲೂ ಇರಬಹುದು, ನೀವು ನೋಡಿದಂಥ ಜಗಳಕ್ಕೂ ಇರಬಹುದು.

ಪೊನ್ನಂಪೇಟೆ ಹುಡುಗಿ (ಜನವರಿ 20)

ಅಕ್ಕಾ, ಮೇಷ್ಟ್ರು ಹೇಳಿದ್ದಕ್ಕೆ ಸಾಕ್ಷಿ ನಿಮ್ಮ ತೋಟದಲ್ಲೇ ಇದೆ. ನೆಲ ನೋಡಿದ್ದು ಸಾಕು, ಒಂದು ಸಲ ಮೇಲೆ ನೋಡಿ. ಸಿಲ್ವರ್ ಓಕ್ ತುದಿಯಲ್ಲೋ ಹಲಸಿನ ಎಲೆಯ ಮಧ್ಯದಲ್ಲೋ ಬೆಳಿಗ್ಗೆಯಿಂದ ಸಂಜೆವರೆಗೆ "ಚಿಸ್ಲೀ, ಚಿಸ್ಲೀ" ಅಂತ ಒಂದು ಸಣ್ಣ ದನಿ ಕೇಳುತ್ತದಲ್ಲ? ಅದು ಗ್ರೀನಿಶ್ ವಾರ್ಬ್ಲರ್. ಏಳೆಂಟು ಗ್ರಾಂ ತೂಕ. ಹಸಿರು ಬೂದು ಮೈ, ಕಣ್ಣಿನ ಮೇಲೆ ತಿಳಿ ಹುಬ್ಬು, ರೆಕ್ಕೆಯ ಮೇಲೆ ಒಂದೇ ಒಂದು ತೆಳು ಪಟ್ಟಿ. ನೋಡಲು ಏನೂ ವಿಶೇಷ ಇಲ್ಲ. ಆದರೆ ಪ್ರಭೇದ ಹೇಗೆ ಎರಡಾಗುತ್ತದೆ ಅಂತ ಕೇಳುವವರು ಎಲ್ಲರೂ ಓದುವ ಹಕ್ಕಿ ಇದು. ನಾನು ಅರಣ್ಯ ಕಾಲೇಜಿನಲ್ಲಿ ಓದುವಾಗ ಇದರ ಕಥೆ ಕೇಳಿ ಎರಡು ದಿನ ಬೇರೆ ಏನೂ ಯೋಚನೆ ಬರಲಿಲ್ಲ.

ಕಥೆ ಹೀಗಿದೆ. ಟಿಬೆಟ್ ಪ್ರಸ್ಥಭೂಮಿಯಲ್ಲಿ ಮರ ಇಲ್ಲ. ಮರ ಇಲ್ಲದ ಕಡೆ ಈ ಹಕ್ಕಿ ಗೂಡು ಕಟ್ಟುವುದಿಲ್ಲ. ಹಾಗಾಗಿ ಇದರ ನೆಲೆ ಆ ಪ್ರಸ್ಥಭೂಮಿಯ ಸುತ್ತ ಬಳೆಯ ಹಾಗೆ ಇದೆ. ದಕ್ಷಿಣದಲ್ಲಿ ಹಿಮಾಲಯ. ಅಲ್ಲಿಂದ ಒಂದು ಸಾಲು ಪಶ್ಚಿಮಕ್ಕೆ ಕಾಶ್ಮೀರ, ಮಧ್ಯ ಏಷ್ಯಾ ದಾಟಿ ಸೈಬೀರಿಯಾಗೆ ಏರುತ್ತದೆ. ಇನ್ನೊಂದು ಸಾಲು ಪೂರ್ವಕ್ಕೆ ಚೀನಾ ಮೂಲಕ ಸೈಬೀರಿಯಾಗೆ ಏರುತ್ತದೆ. ಡ್ಯಾರೆನ್ ಇರ್ವಿನ್ ಅನ್ನುವ ವಿಜ್ಞಾನಿ ಮತ್ತು ಜೊತೆಗಾರರು ಈ ಬಳೆಯ ಸುತ್ತ ಹೋಗಿ ಹಾಡು ರೆಕಾರ್ಡ್ ಮಾಡಿದರು. ರಕ್ತದ ಮಾದರಿ ತೆಗೆದರು. 2001ರಲ್ಲಿ ಬರೆದರು. ಹಿಮಾಲಯದಲ್ಲಿ ಹಾಡು ಚಿಕ್ಕದು, ಸರಳ. ಉತ್ತರಕ್ಕೆ ಹೋದ ಹಾಗೆ ಎರಡೂ ಸಾಲಿನಲ್ಲೂ ಹಾಡು ಉದ್ದವಾಗುತ್ತದೆ, ತಿರುವು ಜಾಸ್ತಿಯಾಗುತ್ತದೆ. ಆದರೆ ಎರಡೂ ಬೇರೆ ಬೇರೆ ರೀತಿ. ಪಕ್ಕಪಕ್ಕದ ಊರಿನ ಹಕ್ಕಿಗಳಿಗೆ ಒಬ್ಬರ ಹಾಡು ಇನ್ನೊಬ್ಬರಿಗೆ ಅರ್ಥವಾಗುತ್ತದೆ. ಕೊನೆಗೆ ಎರಡು ಸಾಲೂ ಮಧ್ಯ ಸೈಬೀರಿಯಾದಲ್ಲಿ, ಯೆನಿಸೇ ನದಿಯ ಕಡೆ, ಮುಖಾಮುಖಿ ಆಗುತ್ತವೆ. ಅಲ್ಲಿ ಇವರ ಹಾಡು ಅವರಿಗೆ ಹಾಡೇ ಅಲ್ಲ. ಸ್ಪೀಕರಿನಲ್ಲಿ ಆ ಕಡೆಯವರ ಹಾಡು ಹಾಕಿದರೆ ಈ ಕಡೆಯ ಗಂಡು ತಲೆ ಎತ್ತುವುದಿಲ್ಲ. ಒಂದೇ ಕಾಡಿನಲ್ಲಿ ಇದ್ದರೂ ಜೋಡಿ ಆಗುವುದಿಲ್ಲ. ಪೂರ್ವದವರ ರೆಕ್ಕೆಯಲ್ಲಿ ಎರಡು ಪಟ್ಟಿ, ಪಶ್ಚಿಮದವರಿಗೆ ಒಂದು. ಕೊಡಗಿಗೆ ಚಳಿಗಾಲಕ್ಕೆ ಬರುವುದು ಪಶ್ಚಿಮದ ಒಂದು ಪಟ್ಟಿಯವರು. ಎರಡು ಪಟ್ಟಿಯವರು ಆಗ್ನೇಯ ಏಷ್ಯಾಗೆ ಹೋಗುತ್ತಾರೆ.

ಹಾಡು ಉತ್ತರದಲ್ಲಿ ಯಾಕೆ ಉದ್ದವಾಯಿತು ಅನ್ನುವುದು ನನಗೆ ತುಂಬಾ ಇಷ್ಟವಾದ ಭಾಗ. ಅಲ್ಲಿ ಬೇಸಿಗೆಯಲ್ಲಿ ಹುಳ ಹೇರಳ. ಜಾಗಕ್ಕೆ ಗಂಡು ಗಂಡು ಹೊಡೆದಾಡುವ ಒತ್ತಡ ಕಡಿಮೆ. ಆಗ ಹಾಡಿನ ಕೆಲಸ ಹೆಣ್ಣನ್ನು ಒಲಿಸುವ ಕಡೆಗೆ ಜಾಸ್ತಿ ವಾಲುತ್ತದೆ. ಒಲಿಸಲು ಉದ್ದದ, ಬಗೆಬಗೆಯ ಹಾಡು ಬೇಕು. ಎರಡೂ ಸಾಲಿಗೆ ಇದೇ ಒತ್ತಡ ಇತ್ತು. ಎರಡೂ ತಮ್ಮದೇ ದಾರಿಯಲ್ಲಿ ಉದ್ದ ಮಾಡಿಕೊಂಡವು. ಅಂದರೆ ಒಂದೇ ರೀತಿಯ ಆಯ್ಕೆ ಎರಡು ಕಡೆ ನಡೆದರೂ ಫಲ ಒಂದೇ ಆಗಬೇಕಿಲ್ಲ. ಮಧ್ಯೆ ದೂರ ಇದ್ದರೆ ಸಾಕು.

ಮೇಷ್ಟ್ರೇ, ಒಂದು ತಿದ್ದುಪಡಿಯನ್ನೂ ಹೇಳಬೇಕು. 2014ರಲ್ಲಿ ಅದೇ ತಂಡದವರೂ ಸೇರಿ ಜೀನೋಮ್‌ನ, ಅಂದರೆ ಹಕ್ಕಿಯ ಒಟ್ಟು ಡಿಎನ್ಎಯ, ಉದ್ದಕ್ಕೂ ಅಲ್ಲಲ್ಲಿ ನೋಡಿದರು. ಬಳೆ ಅಷ್ಟು ನಯವಾಗಿಲ್ಲ ಅಂತ ಗೊತ್ತಾಯಿತು. ಹಿಂದೆ ಕೆಲವು ಕಡೆ ಸಾಲು ಕಡಿದುಹೋಗಿ ಮತ್ತೆ ಕೂಡಿದ ಗುರುತು ಸಿಕ್ಕಿತು. ಉತ್ತರದಲ್ಲೂ ಸ್ವಲ್ಪ ಬೆರಕೆ ನಡೆದಿತ್ತು. ನನಗೆ ಇದರಿಂದ ಕಥೆ ಇನ್ನೂ ಚೆನ್ನಾಗಾಯಿತು ಅನಿಸುತ್ತದೆ. ದೂರ ಒಂದೇ ಇದ್ದರೆ ಸಾಲದು, ನಡುನಡುವೆ ಪೂರ್ತಿ ಕಡಿದುಹೋಗಿದ್ದೂ ಕೆಲಸ ಮಾಡಿದೆ.

ತೋಟದಾಕೆ, ನಾಪೋಕ್ಲು (ಜನವರಿ 22)

ತಂಗೀ, ಇವತ್ತು ಬೆಳಿಗ್ಗೆ ಕೇಳಿದೆ! ಇಷ್ಟು ವರ್ಷ ಈ ಸದ್ದು ಕಿವಿಗೆ ಬೀಳುತ್ತಲೇ ಇತ್ತು, ಒಂದು ಸಲವೂ ತಲೆ ಎತ್ತಿರಲಿಲ್ಲ. ಅತ್ತಿ ಮರದಲ್ಲಿ ಇತ್ತು. ಎಲೆಯ ಅಡಿಗೆ ಹೋಗಿ ತಲೆ ಕೆಳಗೆ ಮಾಡಿ ಏನೋ ಕಿತ್ತು ತಿಂದಿತು. ಒಂದು ಪಟ್ಟಿಯೂ ಕಂಡಿತು. ಕುಯ್ಲಿಗೆ ಬರುವ ಅಕ್ಕನಿಗೆ ತೋರಿಸಿದೆ. "ಇಷ್ಟುದ್ದದ್ದು ಸೈಬೀರಿಯಾದಿಂದ ಬಂತಾ" ಅಂತ ಬುಟ್ಟಿ ಕೆಳಗಿಟ್ಟು ನಿಂತು ನೋಡಿದರು.

ಮನೆಯಲ್ಲಿ ಈಗ ಹೊಸ ಪ್ರಶ್ನೆ. ಹಿಮಾಲಯ, ಸೈಬೀರಿಯಾ ಎಲ್ಲ ಸಾವಿರಾರು ಕಿಲೋಮೀಟರ್ ಮಾತು. ನಮ್ಮ ಘಟ್ಟದೊಳಗೇ ಹೀಗೆ ಆಗಿದೆಯಾ? ತಡಿಯಂಡಮೋಳ್, ಬ್ರಹ್ಮಗಿರಿ, ಪುಷ್ಪಗಿರಿ ಎಲ್ಲಾ ಬೇರೆ ಬೇರೆ ಬೆಟ್ಟವೇ ಅಲ್ವಾ. ಹಕ್ಕಿಗೆ ರೆಕ್ಕೆ ಇದೆ, ಒಂದು ಕಣಿವೆ ದಾಟುವುದು ಎಷ್ಟರ ಕೆಲಸ ಅಂತ ಯಜಮಾನರು ಕೇಳುತ್ತಿದ್ದಾರೆ.

ಬೆಟ್ಟದ ದಾರಿ, ಕಕ್ಕಬ್ಬೆ (ಜನವರಿ 23)

ಅಕ್ಕಾ, ಚಾರಣಕ್ಕೆ ಜನರನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ಅಣ್ಣನ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ.

ತಡಿಯಂಡಮೋಳ್ 1748 ಮೀಟರ್. ತುದಿಗೆ ಹೋಗುವಾಗ ನೋಡಿರುತ್ತೀರಿ. ಮೇಲೆಲ್ಲ ಹುಲ್ಲು. ನೀರು ಇಳಿಯುವ ಮಡಿಕೆಗಳಲ್ಲಿ ಮಾತ್ರ ಗಿಡ್ಡ ಮರಗಳ ದಟ್ಟ ಕಾಡು. ಅದೇ ಶೋಲಾ. ಒಳಗೆ ಹೊಕ್ಕರೆ ಮಧ್ಯಾಹ್ನವೂ ಕತ್ತಲೆ, ಮರಕ್ಕೆಲ್ಲ ಪಾಚಿ, ಕಾಲಿಗೆ ಜಿಗಣೆ. ಈ ಕಾಡಿನ ನೆಲದಲ್ಲಿ ಬದುಕುವ ಹಕ್ಕಿಗಳು ಬಿಸಿಲಿಗೆ ಬರುವುದಿಲ್ಲ. ರೆಕ್ಕೆ ಇದೆ, ನಿಜ. ಆದರೆ ತೆರೆದ ಹುಲ್ಲು ದಾಟಲೂ ಅವಕ್ಕೆ ಮನಸ್ಸಿಲ್ಲ. ಕೆಳಗಿನ ಬಿಸಿ ಕಣಿವೆಗೆ ಇಳಿಯುವ ಮಾತೇ ಇಲ್ಲ. ಅವಕ್ಕೆ ಬೆಟ್ಟದ ತುದಿ ದ್ವೀಪ, ಕಣಿವೆ ಸಮುದ್ರ.

ಇಂಥ ಒಂದು ಹಕ್ಕಿ ಶೋಲಕಿಳಿ. ಬ್ರಹ್ಮಗಿರಿ ಕಡೆಯೂ ಇದೆ. ನಾನು ಒಂದೇ ಸಲ ಸರಿಯಾಗಿ ನೋಡಿದ್ದೇನೆ. ಬೆಳಿಗ್ಗೆ ಮಂಜು, ನಾನು ಒಂದು ಬಿದ್ದ ಮರದ ಮೇಲೆ ಕೂತಿದ್ದೆ. ಗುಬ್ಬಿಗಿಂತ ಸ್ವಲ್ಪ ಉಬ್ಬಿದ ಮೈ, ಉದ್ದ ಕಾಲು. ಎದೆ, ಬೆನ್ನು ಕಡು ನೀಲಿ, ಪಕ್ಕೆ ತುಕ್ಕು ಬಣ್ಣ. ಬೇರಿನ ಮೇಲೆ ನಿಂತು ಎರಡು ಸಲ ಬಾಲ ಅಲ್ಲಾಡಿಸಿ ಒಳಗೆ ಹೋಯಿತು. ಅಷ್ಟೇ. ಎಂಟು ಸೆಕೆಂಡ್ ಇರಬಹುದು.

ಪಾಲಕ್ಕಾಡ್ ಕಣಿವೆ ಗೊತ್ತಲ್ಲ, ಘಟ್ಟ ಸಾಲು ಮಧ್ಯದಲ್ಲಿ ಪೂರ್ತಿ ಕಡಿದು ಸುಮಾರು 30 ಕಿಲೋಮೀಟರ್ ಅಗಲದ ತಗ್ಗು ಬಯಲು. ಅದರ ಉತ್ತರದಲ್ಲಿ, ನೀಲಗಿರಿಯಿಂದ ನಮ್ಮ ಕಡೆಯವರೆಗೆ ಇರುವುದು ಪಕ್ಕೆಯಲ್ಲಿ ತುಕ್ಕು ಬಣ್ಣದ್ದು. ದಕ್ಷಿಣದಲ್ಲಿ, ಆನೆಮಲೆ ಪಳನಿ ಬೆಟ್ಟಗಳಲ್ಲಿ ಇರುವುದಕ್ಕೆ ಹೊಟ್ಟೆ ಬಿಳಿ, ಹುಬ್ಬು ಬಿಳಿ, ಪಕ್ಕೆಯಲ್ಲಿ ತುಕ್ಕು ಇಲ್ಲ. ಇನ್ನೂ ಕೆಳಗೆ ಚೆಂಗೋಟ ಕಣಿವೆ ದಾಟಿದರೆ ಅಗಸ್ತ್ಯಮಲೆಯಲ್ಲಿ ಮೂರನೆಯದ್ದು. ವಿಜ್ಞಾನಿಗಳಾದ ವಿ.ವಿ. ರಾಬಿನ್, ಉಮಾ ರಾಮಕೃಷ್ಣನ್ ಮತ್ತು ಜೊತೆಗಾರರು ಬೆಟ್ಟ ಬೆಟ್ಟ ಹತ್ತಿ ಡಿಎನ್ಎ ನೋಡಿದರು. ಇವು ಲಕ್ಷಾಂತರ ವರ್ಷದಿಂದ ಬೇರೆ ಬೇರೆ ಇವೆ ಅಂತ ಗೊತ್ತಾಯಿತು. ಬೇರೆ ದೇಶದ ಯಾವುದೋ ಹಕ್ಕಿಯ ಗುಂಪಿಗೆ ಇವನ್ನು ಸೇರಿಸುತ್ತಿದ್ದರು. 2017ರಲ್ಲಿ ಇವಕ್ಕೆಂದೇ ಶೋಲಿಕೋಲಾ ಅಂತ ಹೊಸ ಕುಲ (ಹತ್ತಿರದ ಪ್ರಭೇದಗಳ ಗುಂಪು) ಮಾಡಿದರು. ನಮ್ಮ ಘಟ್ಟದ ಲಾಫಿಂಗ್ ಥ್ರಷ್ ಅನ್ನುವ ಬೇರೆ ಹಕ್ಕಿಗಳಿಗೂ ಆಗಲೇ ಮೊಂಟೆಸಿಂಕ್ಲಾ ಅಂತ ಇನ್ನೊಂದು ಕುಲ. ಅದರಲ್ಲೂ ಬಾಣಾಸುರ ಬೆಟ್ಟದ್ದು, ನೀಲಗಿರಿಯದ್ದು, ಪಳನಿಯದ್ದು, ಅಗಸ್ತ್ಯಮಲೆಯದ್ದು ಎಲ್ಲಾ ಬೇರೆ. ಬೆಟ್ಟ ಎಲ್ಲಿ ಕಡಿಯಿತೋ ಅಲ್ಲೇ ಹಕ್ಕಿಯೂ ಕಡಿಯಿತು.

ಶೋಲಕಿಳಿಯಲ್ಲಿ ಗಂಡು ಹೆಣ್ಣು ನೋಡಲು ಒಂದೇ ಥರ. ಹಾಗಾದರೆ ಆರಿಸುವುದು ಹೇಗೆ ಅಂತ ಮಗಳು ಕೇಳಬಹುದು. ಕತ್ತಲೆ ಕಾಡಿನಲ್ಲಿ ಬಣ್ಣಕ್ಕಿಂತ ಹಾಡೇ ದೂರ ಹೋಗುವುದು. ಈ ಹಕ್ಕಿಯ ಹಾಡು ಕೇಳಿದವರು ಮರೆಯುವುದಿಲ್ಲ. 2016ರಲ್ಲಿ ಬಂದ ಒಂದು ಸಂಶೋಧನೆಯಲ್ಲಿ ಆರು ಬೆಟ್ಟ ತುದಿಗಳ ಹಾಡು ಹೋಲಿಸಿದ್ದಾರೆ. ಹಳೆಯ ಕಣಿವೆಯಿಂದ ಬೇರೆಯಾದವುಗಳ ಹಾಡಿನಲ್ಲಿ ಒಂದು ಬಗೆಯ ವ್ಯತ್ಯಾಸ. ಇತ್ತೀಚೆಗೆ ಕಾಡು ಕಡಿದು ತೋಟ, ನೆಡುತೋಪು ಮಾಡಿದ್ದರಿಂದ ಬೇರೆಯಾದವುಗಳಲ್ಲಿ ಇನ್ನೊಂದು ಬಗೆಯ ವ್ಯತ್ಯಾಸ. ಕಣಿವೆ ಲಕ್ಷಾಂತರ ವರ್ಷದಲ್ಲಿ ಮಾಡಿದ್ದರ ಪಕ್ಕದಲ್ಲೇ ನಮ್ಮ ಗರಗಸ ನೂರಿನ್ನೂರು ವರ್ಷದಲ್ಲಿ ಮಾಡಿದ್ದೂ ಹಾಡಿನಲ್ಲಿ ಕೇಳಿಸುತ್ತದೆ. ಇದನ್ನು ಓದಿದ ದಿನ ನನಗೆ ನಿದ್ದೆ ಸರಿ ಬರಲಿಲ್ಲ. ಹಕ್ಕಿ ಹಾಡನ್ನು ಕೇಳಿ ಕಲಿಯುತ್ತದೆ. ಕಲಿಸುವ ನೆರೆಹೊರೆಯೇ ಕಡಿಮೆಯಾದರೆ ಹಾಡೂ ಬೇರೆ ಆಗುತ್ತದೆ.

ಸಿದ್ದಾಪುರದ ಕಾವೇರಿ ದಡ (ಜನವರಿ 23)

ನಂದೂ ಒಂದು ಸೇರಿಸಿ. ನಮ್ಮಲ್ಲಿ ಹೊಳೆ ಬದಿಯ ಬಿದಿರಿನಲ್ಲಿ ಪ್ಯಾರಡೈಸ್ ಫ್ಲೈಕ್ಯಾಚರ್ ಗಂಡು ಎರಡು ಬಣ್ಣದಲ್ಲಿ ಕಾಣುತ್ತದೆ. ಕೆಲವು ಹಾಲಿನ ಬಿಳಿ, ಕೆಲವು ದಾಲ್ಚಿನ್ನಿ ಕೆಂಪು. ಎರಡಕ್ಕೂ ಉದ್ದನೆಯ ಬಾಲ. ಶ್ರೀಲಂಕಾದಲ್ಲಿ ಅಲ್ಲಿಯದ್ದೇ ಆದ ಉಪಪ್ರಭೇದದಲ್ಲಿ ಬಿಳಿ ಗಂಡೇ ಇಲ್ಲ, ಎಲ್ಲಾ ಕೆಂಪು. ಅಲ್ಲಿ ಚಳಿಗಾಲದಲ್ಲಿ ಬಿಳಿ ಕಂಡರೆ ಅದು ಭಾರತದಿಂದ ಹೋದದ್ದು. ನಡುವೆ ಇರುವುದು ಸಣ್ಣ ಸಮುದ್ರ. ಇದೂ ಅಕ್ಕನ ತೋಟದ ಥರವೇ ಆಯಿತಲ್ಲ, ಚಳಿಗಾಲದಲ್ಲಿ ಜೊತೆಗೆ, ಗೂಡಿನ ಕಾಲದಲ್ಲಿ ಬೇರೆ. ಅದಿರಲಿ, ಬೆರೆತರೆ ಗೆರೆ ಮಾಯವಾಗುತ್ತದಾ ಅಂತ ಅಕ್ಕ ಕೇಳಿದ್ದಕ್ಕೆ ಯಾರೂ ನೇರ ಉತ್ತರ ಕೊಟ್ಟಿಲ್ಲ.

ನಿವೃತ್ತ ಮೇಷ್ಟ್ರು, ಮಡಿಕೇರಿ (ಜನವರಿ 24)

ಸರಿಯಾಗಿ ಹಿಡಿದಿರಿ. ನೆಂಟ ಊರಿಗೆ ಹೋಗುತ್ತಾನೆ ಅಂತ ಹೇಳಿ ತಪ್ಪಿಸಿಕೊಂಡಿದ್ದೆ. ಒಂದು ವೇಳೆ ಹೋಗದೆ ಉಳಿದರೆ ಏನು? ಇದಕ್ಕೆ ಕಣ್ಣಾರೆ ನೋಡಿದ ಒಂದು ಸಂಗತಿಯೇ ಇದೆ.

ದಕ್ಷಿಣ ಅಮೆರಿಕದ ಪಶ್ಚಿಮಕ್ಕೆ ಸಮುದ್ರದಲ್ಲಿರುವ ಗ್ಯಾಲಪಗೋಸ್ ದ್ವೀಪಗಳಲ್ಲಿ ಡಾಫ್ನಿ ಮೇಜರ್ ಅಂತ ಒಂದು ಪುಟ್ಟ ದ್ವೀಪ. ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ಅನ್ನುವ ವಿಜ್ಞಾನಿ ದಂಪತಿ ಅಲ್ಲಿನ ಫಿಂಚ್ ಹಕ್ಕಿಗಳಿಗೆ ಒಂದೊಂದಕ್ಕೂ ಕಾಲುಂಗುರ ಹಾಕಿ ದಶಕಗಟ್ಟಲೆ ನೋಡಿದರು. 1981ರಲ್ಲಿ ಅಲ್ಲಿಗೆ ಒಂಟಿ ಗಂಡು ಫಿಂಚ್ ಒಂದು ಬಂತು. ಮೈ ದೊಡ್ಡದು, ಕೊಕ್ಕು ದೊಡ್ಡದು, ಹಾಡು ಬೇರೆ. ಅದು 100 ಕಿಲೋಮೀಟರ್‌ಗೂ ದೂರದ ಎಸ್ಪಾನ್ಯೋಲಾ ದ್ವೀಪದ ಹಕ್ಕಿ ಅಂತ ಡಿಎನ್ಎಯಿಂದ ಆಮೇಲೆ ತಿಳಿಯಿತು. ವಾಪಸ್ ಹೋಗಲಿಲ್ಲ. ಅಲ್ಲಿನದ್ದೇ ಒಂದು ಹೆಣ್ಣಿನ ಜೊತೆ ಸಂಸಾರ ಮಾಡಿತು. ಗಂಡು ಮರಿಗಳು ಅಪ್ಪನಿಂದ ಹಾಡು ಕಲಿಯುತ್ತವೆ. ಹಾಗಾಗಿ ಇವು ಹಾಡಿದ್ದು ಊರಿನಲ್ಲಿ ಯಾರಿಗೂ ಗೊತ್ತಿಲ್ಲದ ಹಾಡು. ಕೊಕ್ಕಿನ ಅಳತೆಯೂ ಯಾರಂತೆಯೂ ಇಲ್ಲ. ಊರಿನ ಹೆಣ್ಣುಗಳು ಸೇರಿಸಿಕೊಳ್ಳಲಿಲ್ಲ. ಕೊನೆಗೆ ಅವು ತಮ್ಮತಮ್ಮಲ್ಲೇ ಜೋಡಿಯಾದವು. ಹೊಸದೇ ಒಂದು ವಂಶ ನಿಂತಿತು. 2017ರಲ್ಲಿ ಇದನ್ನು ಜೀನೋಮ್ ಸಹಿತ ಪ್ರಕಟಿಸಿದರು.

ಅಂದರೆ ನೆಂಟ ಉಳಿದರೂ ಫಲ ಒಂದೇ ಥರ ಇರುವುದಿಲ್ಲ. ಹೆಣ್ಣುಗಳು ಭೇದ ಮಾಡದಿದ್ದರೆ ಎರಡು ಗುಂಪು ಕರಗಿ ಒಂದಾಗಬಹುದು. ಭೇದ ಮಾಡಿದರೆ ಪಕ್ಕಪಕ್ಕದಲ್ಲೇ ಎರಡಾಗಿ ಉಳಿಯಬಹುದು. ಫಿಂಚ್ ಕಥೆಯಲ್ಲಿ ಮೂರನೆಯದೇ ಹುಟ್ಟಿತು. ಯಾವುದು ಅಂತ ಹೇಳುವುದು ಹಾಡು ಮತ್ತು ಮುಖ, ಅವನ್ನು ನೋಡುವ ಹೆಣ್ಣಿನ ಕಣ್ಣು. ಮನೆಯಲ್ಲಿ ಯಜಮಾನರಿಗೂ ಮಗಳಿಗೂ ಇದನ್ನು ಓದಿ ಹೇಳಿ. ಕಡಿದುಹೋಗುವ ತನಕ ಯಜಮಾನರ ಮಾತು, ಮತ್ತೆ ಎದುರಾದ ಮೇಲೆ ಮಗಳ ಮಾತು ಜಾಸ್ತಿ ತೂಕದ್ದು.

ತೋಟದಾಕೆ, ನಾಪೋಕ್ಲು (ಜನವರಿ 25)

ಓದಿ ಹೇಳಿದೆ. ಇಬ್ಬರೂ ಗೆದ್ದೆವು ಅಂತ ಕೂತಿದ್ದಾರೆ.

ನನಗೆ ಒಂದು ಆಸೆ ಬಂದಿದೆ. ಮೊಬೈಲಿನಲ್ಲಿ ಹಿಮಾಲಯದ ಥ್ರಷ್ ಹಾಡು ಸಿಗುತ್ತದೆ. ಜೂನ್‌ನಲ್ಲಿ ನಮ್ಮ ಗೆರೆಯ ಹಕ್ಕಿ ಗೂಡಿನ ಹತ್ತಿರ ಅದನ್ನು ಹಾಕಿ ನೋಡಲಾ? ತಿರುಗಿ ನೋಡುತ್ತದೋ ಇಲ್ಲವೋ ಅಂತ.

ಪೊನ್ನಂಪೇಟೆ ಹುಡುಗಿ (ಜನವರಿ 25)

ಅಕ್ಕಾ, ದಯವಿಟ್ಟು ಬೇಡ. ಗೂಡಿನ ಕಾಲದಲ್ಲಿ ಅಪರಿಚಿತ ಹಾಡು ಕೇಳಿದರೆ ಗಂಡು ಎದುರಾಳಿ ಬಂದ ಅಂತ ಊಟ ಬಿಟ್ಟು ಹುಡುಕುತ್ತದೆ. ಮೊಟ್ಟೆ ಆರುತ್ತದೆ, ಕೆಂಬೂತಕ್ಕೋ ಕಾಗೆಗೋ ದಾರಿ ಆಗುತ್ತದೆ. ಸಂಶೋಧಕರು ಅನುಮತಿ ತೆಗೆದುಕೊಂಡು, ಎಷ್ಟು ನಿಮಿಷ ಅಂತ ಅಳೆದು ಮಾಡುತ್ತಾರೆ. ನೀವು ಇನ್ನೊಂದು ಮಾಡಿ, ಅದು ಇದಕ್ಕಿಂತ ದೊಡ್ಡ ಉಪಕಾರ. ಗೆರೆ ಇಲ್ಲದ್ದು ಕೊನೆಯ ಸಲ ಯಾವ ದಿನ ಕಂಡಿತು, ಗೆರೆಯದ್ದು ಮೊದಲ ಸಲ ಯಾವ ದಿನ ಹಾಡಿತು, ಬರೆದಿಡಿ. ಹಾಡನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ದೂರದಿಂದ. ಪ್ರತಿ ವರ್ಷ.

ತೋಟದಾಕೆ, ನಾಪೋಕ್ಲು (ಜೂನ್ 11)

ತಂಗಿ ಹೇಳಿದ ಹಾಗೆ ಮಾಡಿದೆ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೇನೆ.

ಗೆರೆ ಇಲ್ಲದ್ದು ಕೊನೆಯ ಸಲ ಕಂಡಿದ್ದು ಮಾರ್ಚ್ 24. ಹೂ ಮಳೆ ಬಿದ್ದು ನಾಲ್ಕನೇ ದಿನ. ಕಾಫಿ ಹೂ ಬಿಳಿಯಾಗಿ ತುಂಬಿತ್ತು, ಅದರ ಅಡಿಯಲ್ಲಿ ಅದು ಒದ್ದೆ ಎಲೆ ತಿರುಗಿಸುತ್ತಿತ್ತು. ಮರುದಿನ ಇರಲಿಲ್ಲ. "ಚಿಸ್ಲೀ" ಸದ್ದು ಏಪ್ರಿಲ್ ಮಧ್ಯದ ಹೊತ್ತಿಗೆ ನಿಂತಿತು. ನಿಂತ ಮೇಲೆ ತೋಟ ಎಷ್ಟು ಖಾಲಿ ಅನಿಸಿತು ಗೊತ್ತಾ.

ಗೆರೆಯ ಹಕ್ಕಿ ಮೇ 19ರ ಬೆಳಿಗ್ಗೆ ಮೊದಲು ಹಾಡಿತು. ನೆಲದಲ್ಲಿ ಇಷ್ಟು ಸದ್ದಿಲ್ಲದೆ ಇರುವ ಹಕ್ಕಿ ಹಲಸಿನ ಮರದ ಮಧ್ಯದ ಕೊಂಬೆಗೆ ಹೋಗಿ ಇಪ್ಪತ್ತು ನಿಮಿಷ ಬಿಡದೆ ಹಾಡಿತು. ಒಂದು ತುಣುಕನ್ನು ಎರಡು ಮೂರು ಸಲ ಹೇಳಿ ಇನ್ನೊಂದಕ್ಕೆ ಹೋಗುತ್ತದೆ. ನಡುವೆ ಪಿಕಳಾರದ ದನಿ ಬಂದ ಹಾಗಾಯಿತು, ನಿಜವಾದ ಪಿಕಳಾರ ಅಲ್ಲಿರಲಿಲ್ಲ. ಹೆಣ್ಣು ಕೆಳಗೆ ಕಾಫಿ ಗಿಡದಲ್ಲಿ ಕೂತಿತ್ತು. ಅದರ ಕೆನ್ನೆಯಲ್ಲೂ ಎರಡು ಗೆರೆ. ಹಾಡು ಮುಗಿಯುವವರೆಗೆ ಅಲ್ಲಾಡಲಿಲ್ಲ.

ಮೂರು ರೆಕಾರ್ಡಿಂಗ್ ಇದೆ, ಮೂರನೆಯದರಲ್ಲಿ ಮಳೆ ಸದ್ದು ಜಾಸ್ತಿ. ನಿನ್ನೆಯಿಂದ ಹೆಣ್ಣು ಬೇರಿನ ಎಳೆ ಕಚ್ಚಿಕೊಂಡು ಹನ್ನೊಂದನೇ ಸಾಲಿಗೆ ಹೋಗಿ ಬರುತ್ತಿದೆ. ಆ ಸಾಲಿನ ಕಳೆ ಆಗಸ್ಟ್‌ವರೆಗೆ ಹಾಗೇ ಇರಲಿ ಅಂತ ಯಜಮಾನರೇ ಹೇಳಿದ್ದಾರೆ.